ಟೇಸನ್ನು, ತಾಣ, ನಿಲ್ದಾಣ

ಉಳವಿ ಎಂದ ಕೂಡಲೇ ಹೆಚ್ಚಿನವರ ಮನಸ್ಸು ಜೊಯಿಡಾದ ಕಾಡಿನ ಚೆನ್ನಬಸವಣ್ಣನ ಜಾತ್ರೆಗೆ ಹೋಗುತ್ತದೆ. ನಾನು ಹೇಳುತ್ತಿರುವ ಉಳವಿ ಬೇರೆ. ಇದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹೋಬಳಿ ಊರು. ಅಡಕೆ ತೋಟ, ಭತ್ತದ ಗದ್ದೆ, ಅಂಚಿನಲ್ಲಿ ಕಾನು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳಲ್ಲಿ ಇವತ್ತಿಗೂ ರೈಲು ಬಂದು ನಿಲ್ಲುವ ಒಂದು ಊರೂ ಇಲ್ಲ. ರೈಲು ಹತ್ತಬೇಕೆಂದರೆ ಪಕ್ಕದ ತಾಲ್ಲೂಕಿನ ಸಾಗರ ಜಂಬಗಾರಿಗೋ ತಾಳಗುಪ್ಪಕ್ಕೋ ಹೋಗಬೇಕು.

ಹಾಗಾಗಿ ನಾನು ಬೆಳೆದ ಕಾಲದಲ್ಲಿ ನಮ್ಮ ಸೀಮೆಯಲ್ಲಿ 'ಟೇಸನ್ನು' ಎಂದರೆ ಒಂದೇ ಅರ್ಥ, ಪೊಲೀಸು. ಬೆಂಗಳೂರಿನಲ್ಲಿದ್ದ ಮಗಳ ಮನೆಗೆ ಮೊದಲ ಸಲ ಹೊರಟ ನಮ್ಮಜ್ಜಿ ಹಿಂದಿನ ಸಂಜೆ ನೆರೆಮನೆಯಾಕೆಗೆ, "ನಾಳೆ ಬೆಳಗಾ ಮುಂಚೆ ಸಾಗರದ ಟೇಸನ್ನಿಗೆ ಹೋಗಬೇಕು ಕಣೇ" ಅಂದರೆ, ಆಕೆ ಗಾಬರಿಯಿಂದ "ಅಯ್ಯೋ, ಎಂತ ಆತೇ ಮಾರಾಯ್ತಿ?" ಎಂದು ಕೇಳಿದ್ದಳು. ರೈಲಿನ ಟೇಸನ್ನು ಎಂದು ಬಿಡಿಸಿ ಹೇಳಿದ ಮೇಲೆಯೇ ಅವಳ ಉಸಿರು ಹದಕ್ಕೆ ಬಂದದ್ದು.

ಅಜ್ಜಿಯ 'ಟೇಸನ್ನು' ನನ್ನ ಬಾಯಲ್ಲೂ ಹಾಗೆಯೇ ಬರುತ್ತಿತ್ತು. ಶಾಲೆಯಲ್ಲಿ ಒಬ್ಬ ಮೇಷ್ಟರು ನನ್ನನ್ನು ನಿಲ್ಲಿಸಿ 'ಸ್ಟೇಷನ್' ಎಂದು ಹತ್ತು ಸಲ ಹೇಳಿಸಿದ್ದರು. ಸಕಾರ ಮೊದಲು, ಅದರ ಕೆಳಗೆ ಟಕಾರ, ಆಮೇಲೆ ಹೊಟ್ಟೆ ಸೀಳಿದ ಷಕಾರ. ಅಂದು ಉಚ್ಚಾರ ಕಲಿತೆ. ಅಜ್ಜಿಯ ನಾಲಗೆ ಮಾಡಿದ್ದು ತಪ್ಪಲ್ಲ, ಅದು ಸಾವಿರ ವರ್ಷಕ್ಕೂ ಹಳೆಯ ಕನ್ನಡದ ಕಟ್ಟಳೆ ಎಂದು ತಿಳಿಯಲು ಇನ್ನೂ ಬಹಳ ವರ್ಷ ಬೇಕಾದವು.

ಸಂಸ್ಕೃತದ 'ಸ್ಥಾ' ಎಂಬ ಧಾತುವಿಗೆ ನಿಲ್ಲು ಎಂದು ಅರ್ಥ. ನಿಲ್ಲುವ ಎಡೆ ಸ್ಥಾನ. ಈ ಶಬ್ದ ಪ್ರಾಕೃತಕ್ಕೆ ಬಂದಾಗ ಮೊದಲಿನ ಸಕಾರ ಉದುರಿ ಥಾಣ, ಠಾಣ ಎಂದಾಯಿತು. ಕನ್ನಡದ ಬಾಯಿಗೆ ಮಹಾಪ್ರಾಣವೂ ಭಾರ. ಅದನ್ನೂ ಇಳಿಸಿ ನಾವು 'ತಾಣ' ಎಂದೆವು. ಸ್ನೇಹ ನೇಹವಾದದ್ದು, ಸ್ತುತಿ ತುತಿಯಾದದ್ದು, ಸ್ಫಟಿಕ ಪಳಿಕಾದದ್ದು ಇದೇ ದಾರಿಯಲ್ಲಿ. ಮೊದಲಲ್ಲಿ ಸಕಾರದ ಒತ್ತಕ್ಷರ ಬಂದರೆ ಸಕಾರವನ್ನು ಬಿಟ್ಟುಬಿಡುವುದು ನಮ್ಮ ನಾಲಗೆಯ ಹಳೆಯ ರೂಢಿ. ಇನ್ನು ಶಕಾರ, ಷಕಾರಗಳು ಸಕಾರವಾಗುವುದು ಎಲ್ಲರೂ ಬಲ್ಲ ತದ್ಭವ ನಿಯಮ: ಭಾಷೆ ಬಾಸೆ, ವೇಷ ವೇಸ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಇಂಥ ಮಾರ್ಪಾಟುಗಳಿಗಾಗಿಯೇ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಈಗ 'ಸ್ಟೇಷನ್' ಶಬ್ದವನ್ನು ಈ ಎರಡು ಕಟ್ಟಳೆಗಳಲ್ಲಿ ಹಾಯಿಸಿ ನೋಡಿ. ಮೊದಲಿನ ಸಕಾರ ಹೋಯಿತು, ಷಕಾರ ಸಕಾರವಾಯಿತು: ಟೇಸನ್. ಅಕ್ಷರ ಕಲಿಯದ ನಮ್ಮಜ್ಜಿ ಕೇಶಿರಾಜನ ಸೂತ್ರಗಳಲ್ಲಿ ಒಂದನ್ನೂ ಮೀರಿರಲಿಲ್ಲ.

ಇನ್ನೂ ಸೋಜಿಗದ ಮಾತೆಂದರೆ ತಾಣಕ್ಕೂ ಟೇಸನ್ನಿಗೂ ಬೇರು ಒಂದೇ. ಇಂಗ್ಲಿಷಿನ ಸ್ಟೇಷನ್ ಹುಟ್ಟಿದ್ದು ಲ್ಯಾಟಿನ್ನಿನ 'ಸ್ಟಾಟಿಯೊ'ದಿಂದ. ಅಲ್ಲಿ 'ಸ್ಟಾರೆ' ಎಂದರೆ ನಿಲ್ಲುವುದು. ಲ್ಯಾಟಿನ್ನಿನ ಸ್ಟಾ, ಸಂಸ್ಕೃತದ ಸ್ಥಾ ಒಂದೇ ತಾಯಿಯ ಮಕ್ಕಳು. ಬಸ್ ಸ್ಟ್ಯಾಂಡಿನ 'ಸ್ಟ್ಯಾಂಡ್' ಕೂಡ ಅದೇ ಬಳಗದ್ದು. ಪಾರಸಿಯ ಮೂಲಕ ಬಂದ ಹಿಂದೂಸ್ತಾನದ ಕೊನೆಯ 'ಸ್ತಾನ'ವೂ ಅದೇ. ಒಂದೇ ಬೇರಿನ ಶಬ್ದ ನಮ್ಮ ಭಾಷೆಯೊಳಗೆ ಬೇರೆ ಬೇರೆ ಬಾಗಿಲುಗಳಿಂದ, ಬೇರೆ ಬೇರೆ ವೇಷಗಳಲ್ಲಿ ಬಂದಿದೆ. ದೇವಸ್ಥಾನ, ಸಂಸ್ಥಾನ, ಆಸ್ಥಾನಗಳಲ್ಲಿ ಸಂಸ್ಕೃತದ ಉಡುಪಿನಲ್ಲೇ ಇದೆ. ತಾಣದಲ್ಲಿ ಪ್ರಾಕೃತದ ಮೂಲಕ ಬಂದು ಕನ್ನಡವೇ ಆಗಿದೆ. ಠಾಣೆಯಲ್ಲಿ ಮರಾಠಿ, ಹಿಂದೂಸ್ತಾನಿಗಳ ಕಡೆಯಿಂದ ಬಂದಿದೆ. ಟೇಸನ್ನಿನಲ್ಲಿ ಹಡಗು ಹತ್ತಿ ಬಂದಿದೆ.

ಠಾಣೆ ಮತ್ತು ಸ್ಟೇಷನ್ ಎರಡೂ ಪೊಲೀಸರ ಮನೆಗೇ ಹೆಸರಾದವಲ್ಲ, ಅದು ಹೇಗೆ? ಎರಡೂ ಮೊದಲಿಗೆ ಕಾವಲಿನ ಶಬ್ದಗಳು. ಲ್ಯಾಟಿನ್ನಿನಲ್ಲಿ ಸ್ಟಾಟಿಯೊ ಎಂದರೆ ಕಾವಲುಪಡೆ ನಿಲ್ಲುವ ನೆಲೆ ಎಂಬ ಅರ್ಥವಿತ್ತು. ನಮ್ಮಲ್ಲಿ ಠಾಣೆ, ಠಾಣ್ಯ ಎಂದರೆ ದಂಡು ಬೀಡುಬಿಟ್ಟ ಕಾವಲು ಜಾಗ. ಬೆಂಗಳೂರಿನ ಚರಿತ್ರೆಯಲ್ಲಿ ಇದರ ಗುರುತು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ತಮ್ಮ ಕೈಯಲ್ಲಿ ಉಳಿಸಿಕೊಂಡ ದಂಡು ಪ್ರದೇಶಕ್ಕೆ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂದೇ ಹೆಸರಿತ್ತು. 1947ರವರೆಗೂ ಅದು ಬೇರೆ ಆಡಳಿತ. ಒಂದು ಕಡೆ ಸಂಸ್ಥಾನ, ಪಕ್ಕದಲ್ಲೇ ಸ್ಟೇಷನ್. ಒಂದೇ ಬೇರಿನ ಎರಡು ಶಬ್ದಗಳು ಒಂದೇ ಊರನ್ನು ಇಬ್ಬರು ಅರಸರಿಗೆ ಹಂಚಿಕೊಟ್ಟಿದ್ದವು. ಆ ದಂಡು ಪ್ರದೇಶಕ್ಕೆ ರೈಲು ಅದಕ್ಕೂ ಮೊದಲೇ, 1864ರ ಆಗಸ್ಟ್ 1ರಂದು, ಜೋಲಾರಪೇಟೆಯ ಕಡೆಯಿಂದ ಬಂದಿತ್ತು. ಇವತ್ತಿಗೂ ಅಲ್ಲಿಯ ನಿಲ್ದಾಣದ ಹಳದಿ ಫಲಕದ ಮೇಲೆ ಕನ್ನಡದಲ್ಲಿ 'ಬೆಂಗಳೂರು ದಂಡು' ಎಂದಿದೆ. ಕಂಟೋನ್ಮೆಂಟ್ ಎಂಬುದನ್ನು ದಂಡು ಎಂದು ಬರೆದವರು ಯಾರೋ ಕಾಣೆ. ಅವರಿಗೆ ನನ್ನ ನಮಸ್ಕಾರ.

ಇನ್ನು ಠಾಣೆ ಎಂಬ ಊರಿಗೇ ಹೋಗೋಣ. ಭಾರತದಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಲ ರೈಲು ಹೊರಟಿದ್ದು 1853ರ ಏಪ್ರಿಲ್ 16ರಂದು, ಮುಂಬಯಿಯ ಬೋರಿಬಂದರಿನಿಂದ. 14 ಬೋಗಿ, ಮೂರು ಉಗಿ ಎಂಜಿನ್, ಸುಮಾರು 400 ಜನ, 34 ಕಿಲೋಮೀಟರ್ ದಾರಿ. ಹೋಗಿ ಸೇರಿದ್ದು ಠಾಣೆಗೆ. ಇಂದು ಬೆಳಗೆದ್ದು ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿಯುವ ಲಕ್ಷಾಂತರ ಮಂದಿಯ ಊರು ಅದು. ಅವರಲ್ಲಿ ಕನ್ನಡಿಗರೂ ಕಡಿಮೆಯಿಲ್ಲ. ರಾಷ್ಟ್ರಕೂಟರ ಸಾಮಂತರಾಗಿದ್ದ ಉತ್ತರ ಕೊಂಕಣದ ಶಿಲಾಹಾರರ ಶಾಸನಗಳಲ್ಲಿ ಆ ಊರಿನ ಹೆಸರು 'ಶ್ರೀಸ್ಥಾನಕ'. ಸ್ಥಾನಕವೇ ಸವೆದು ಠಾಣೆಯಾಗಿದೆ. ಅಂದರೆ ನಮ್ಮ ದೇಶದ ಮೊದಲ ರೈಲು ಮುಟ್ಟಿದ ಊರಿನ ಹೆಸರೇ 'ನಿಲ್ಲುವ ಎಡೆ'. ರೈಲು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅದು ಹೆಸರಿನಲ್ಲಿ ನಿಲ್ದಾಣವಾಗಿತ್ತು. ಮರಾಠಿಯಲ್ಲಿ ರೈಲು ನಿಲ್ದಾಣಕ್ಕೆ ಸ್ಥಾನಕ ಎನ್ನುತ್ತಾರೆ. 'ಠಾಣೆ ಸ್ಥಾನಕ' ಎಂಬಲ್ಲಿ ಒಂದೇ ಶಬ್ದ ಸವೆದ ರೂಪದಲ್ಲೂ ಸವೆಯದ ರೂಪದಲ್ಲೂ ಜೊತೆಗೇ ನಿಂತಿದೆ.

ಠಾಣೆಗೆ ಮಾತ್ರ ಈ ಭಾಗ್ಯ ಎಂದುಕೊಂಡಿದ್ದೆ. ನಮ್ಮ ಮನೆಯ ಅಂಗಳದಲ್ಲೇ ಇದಕ್ಕಿಂತ ಹಳೆಯದೊಂದಿದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಕನ್ನಡ ನಾಡಿನ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಪ್ರಣವೇಶ್ವರ ದೇವಾಲಯದ ಎದುರು ನಿಂತ ಕಲ್ಲುಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ, ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಬರೆದ ಕವಿ ಕುಬ್ಜ. ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಈ ಕಂಬದಿಂದ. ಶಾಸನ ಶುರುವಾಗುವುದು ಶಿವನ ಸ್ತುತಿಯಿಂದ. ಅಲ್ಲಿ ಶಿವನನ್ನು ಕರೆದಿರುವ ಹೆಸರು 'ಸ್ಥಾಣು', ಅಂದರೆ ಕದಲದೆ ನಿಂತವನು. ಮತ್ತೆ ಅದೇ ಸ್ಥಾ ಧಾತು. ಇನ್ನು ಊರಿನ ಹಳೆಯ ಹೆಸರು ಸ್ಥಾನಕುಂದೂರು. ಕನ್ನಡ ಶಾಸನಗಳಲ್ಲಿ ಅದು ತಾಣಗುಂದೂರು ಆಗುತ್ತದೆ. ಸ್ಥಾನ ತಾಣವಾಯಿತು, ಸಂಧಿಯಲ್ಲಿ ಕಕಾರ ಗಕಾರವಾಯಿತು, ಮುಂದೆ ಬಾಯಿಂದ ಬಾಯಿಗೆ ಸಾಗುವಾಗ ಣಕಾರ ಳಕಾರವಾಗಿ ತಾಳಗುಂದ ಎಂದು ನಿಂತಿತು. ಪಂಡಿತರು ಗ್ರಂಥದಲ್ಲಿ ಬರೆದಿಟ್ಟ ತದ್ಭವ ನಿಯಮವನ್ನು ಒಂದು ಊರು ತನ್ನ ಹೆಸರಿನ ಮೇಲೆಯೇ ನಡೆಸಿ ತೋರಿಸಿದೆ. ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರಲ್ಲಿ ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ ಅಚ್ಚು ಹಾಕಿಸಿದರು. ಆ ಸಂಪುಟಗಳ ಮುಂದೆ ಕುಳಿತಾಗಲೆಲ್ಲ ನನಗೆ ಅಜ್ಜಿಯ ಟೇಸನ್ನು ಕೇಳಿಸುತ್ತದೆ. ಅದೇ ನಾಲಗೆ, ಅದೇ ಮಾರ್ಪಾಟು.

ತಾಳಗುಂದಕ್ಕೆ ಹತ್ತಿರವೇ ಬಳ್ಳಿಗಾವೆ. ಅಲ್ಲಿಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ ಗುರುಗಳನ್ನು ಶಾಸನಗಳು 'ಸ್ಥಾನಾಚಾರ್ಯ' ಎನ್ನುತ್ತವೆ. 1162ರ ಶಾಸನವೊಂದು ಆ ಮಠವನ್ನು ಬಣ್ಣಿಸುವ ಬಗೆ ಮರೆಯುವಂಥದ್ದಲ್ಲ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಜಾಗ ಅದು. ಜೊತೆಗೆ ಬಡವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಊಟವಿಡುವ ಜಾಗ, ರೋಗಿಗಳಿಗೆ ಮದ್ದು ಕೊಡುವ ಜಾಗ. ದಾರಿಹೋಕನೊಬ್ಬ ಕಾಲು ಚಾಚಿ ಕೂರಲು, ಹಸಿವು ಕಳೆಯಲು ಒಂದೆಡೆ ಇತ್ತು. ಅದನ್ನು ಸ್ಥಾನ ಎನ್ನುತ್ತಿದ್ದರು. ರೈಲು ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಗಂಟು ತಲೆಗಿಟ್ಟು ಮಲಗಿದವರನ್ನು ಕಂಡಾಗ ನನಗೆ ಕೋಡಿಯ ಮಠ ನೆನಪಾಗುತ್ತದೆ. ಆ ಅರ್ಥ ಈ ಶಬ್ದದಿಂದ ಪೂರ್ತಿ ಹೋಗಿಲ್ಲ. ಹೋಗಬಾರದು ಕೂಡ.

ಇಷ್ಟೆಲ್ಲ 'ತಾಣ'ದ ಮಾತಾಯಿತು. ನಿಲ್ದಾಣದ ಮೊದಲ ಅರ್ಧ ಬೇರೆ ಮನೆತನದ್ದು. 'ನಿಲ್' ಅಚ್ಚ ದ್ರಾವಿಡ. ತಮಿಳಿನಲ್ಲೂ ನಿಲ್, ಮಲಯಾಳದಲ್ಲೂ ನಿಲ್. ನಮ್ಮ ನೆಲೆ, ನಿಲುವು, ನಿಲುಗಡೆ, ನಿಲುಗನ್ನಡಿ ಎಲ್ಲ ಇದರ ಸಂತಾನ. ಸೊರಬ ಸೀಮೆಯಲ್ಲಿ ವೀರಗಲ್ಲಿಲ್ಲದ ಊರು ಹುಡುಕುವುದು ಕಷ್ಟ. ತುರು ಬಿಡಿಸಲು ಹೋಗಿ ಸತ್ತವನಿಗೆ ಊರವರು ಕಲ್ಲು 'ನಿಲಿಸಿ'ದರು. ಸತ್ತವನ ಹೆಸರು ಉಳಿಯಲೆಂದು ನಿಲಿಸಿದ ಕಲ್ಲು, ಬದುಕಿದವರು ಊರಿಗೆ ಹೋಗಲೆಂದು ನಿಲ್ಲಿಸುವ ರೈಲು. ಕ್ರಿಯಾಪದ ಒಂದೇ.

ರೈಲು ನಿಲ್ದಾಣಕ್ಕೆ ತಮಿಳರು ನಿಲೈಯಂ ಎನ್ನುತ್ತಾರೆ, ನಿಲ್ ಬೇರಿನಿಂದಲೇ. ಮರಾಠಿಗರು ಸ್ಥಾನಕ ಎನ್ನುತ್ತಾರೆ, ಸ್ಥಾ ಬೇರಿನಿಂದ. ನಡುವೆ ಇರುವ ಕನ್ನಡ ಏನು ಮಾಡಿತು ನೋಡಿ. ತೆಂಕಣ ಸೋದರಿಯ ಬೇರನ್ನೂ ಬಡಗಣ ನೆರೆಯವಳ ಬೇರನ್ನೂ ಕೂಡಿಸಿ ಒಂದೇ ಶಬ್ದ ಮಾಡಿಕೊಂಡಿತು: ನಿಲ್ ಮತ್ತು ತಾಣ, ನಿಲ್ದಾಣ. ಬೇರು ಹಿಡಿದು ನೋಡಿದರೆ ಅದು 'ನಿಲ್ಲುವ ನಿಲ್ಲುವೆಡೆ'. ಎರಡು ಭಾಷಾಕುಲಗಳು ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಆಡುತ್ತವೆ. ಕರ್ನಾಟಕದ ಭೂಪಟವನ್ನು ಇಷ್ಟು ಸಣ್ಣ ಜಾಗದಲ್ಲಿ ಬರೆದಿಟ್ಟ ಶಬ್ದ ಇನ್ನೊಂದು ನನಗೆ ಸಿಕ್ಕಿಲ್ಲ.

ವ್ಯಾಕರಣದ ಕಣ್ಣಿನಿಂದಲೂ ಇದು ಚೊಕ್ಕ ಕಟ್ಟಡ. ಕನ್ನಡ ಶಬ್ದದೊಡನೆ ಸಂಸ್ಕೃತವನ್ನು ಸಿಕ್ಕಾಪಟ್ಟೆ ಜೋಡಿಸಿದರೆ ಹಳಬರು ಅದನ್ನು ಅರಿಸಮಾಸ ಎಂದು ದೂರವಿಡುತ್ತಿದ್ದರು. ತದ್ಭವದೊಡನೆ ಜೋಡಿಸಿದರೆ ಆ ದೋಷವಿಲ್ಲ. 'ನಿಲ್ಸ್ಥಾನ' ಎಂದಿದ್ದರೆ ಬಾಯಿ ತೊಡರುತ್ತಿತ್ತು, ಲಕ್ಷಣಕಾರರೂ ಒಪ್ಪುತ್ತಿರಲಿಲ್ಲ. 'ನಿಲ್'ಗೆ ತಾಣವೇ ತಕ್ಕ ಜೋಡಿ. ಮಳೆಗಾಲ, ಬೆಟ್ಟದಾವರೆಗಳಲ್ಲಿ ಆದಂತೆ ಆದೇಶಸಂಧಿಯಾಗಿ ತಕಾರ ದಕಾರವಾಯಿತು. ಇದೇ ಅಚ್ಚಿನ ಇನ್ನೊಂದು ಶಬ್ದ ತಂಗುದಾಣ. ನಮ್ಮ ಹಳ್ಳಿಗಳ ರಸ್ತೆ ಬದಿಯಲ್ಲಿ ಮೂರು ಗೋಡೆ, ಒಂದು ಮಾಡು, ನೆತ್ತಿಯ ಮೇಲೆ 'ಪ್ರಯಾಣಿಕರ ತಂಗುದಾಣ' ಎಂಬ ಬರಹ. ನಿಲ್ದಾಣದಲ್ಲಿ ನಿಲ್ಲುವುದು ಬಂಡಿ, ತಂಗುದಾಣದಲ್ಲಿ ತಂಗುವುದು ಮನುಷ್ಯ. ಮಳೆಗಾಲದ ಮಲೆನಾಡಿನಲ್ಲಿ ಬಸ್ಸು ತಡವಾದ ಸಂಜೆ ಅಲ್ಲಿ ನಿಂತವರಿಗೆ ಈ ಎರಡರ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಇನ್ನು 'ನಿಲುಗಡೆ' ಬೇರೆಯೇ. ಅದು ಜಾಗಕ್ಕಿಂತ ಹೊತ್ತನ್ನು ಹೇಳುವುದು ಹೆಚ್ಚು: ಎರಡು ನಿಮಿಷದ ನಿಲುಗಡೆ. ಶಿವಮೊಗ್ಗ ತಾಳಗುಪ್ಪ ದಾರಿಯ ಕೆಂಚನಾಲದಂಥ ಹಾಲ್ಟುಗಳಿಗೆ ಈ ಶಬ್ದ ಚೆನ್ನಾಗಿ ಒಪ್ಪುತ್ತದೆ.

ಆ ದಾರಿ ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ. ಮೀಟರ್ ಗೇಜಿನ ಕಾಲದಲ್ಲಿ ಹಳಿಯ ಮೇಲೆ ಬಸ್ಸಿನಂಥ ಒಂದು ಪುಟ್ಟ ಗಾಡಿ ಓಡುತ್ತಿತ್ತು, ರೈಲ್‌ಬಸ್ಸು ಎನ್ನುತ್ತಿದ್ದೆವು. ಅದೇ ದಾರಿಯ ಅರಸಾಳು ನಿಲ್ದಾಣವನ್ನು ಶಂಕರ್‌ನಾಗ್ ತಮ್ಮ ಧಾರಾವಾಹಿಗಾಗಿ ಮಾಲ್ಗುಡಿ ಮಾಡಿದರು. ಈಗ ಅದರ ಹಳೆಯ ಕಟ್ಟಡ ಮಾಲ್ಗುಡಿ ಹೆಸರಿನ ಸಂಗ್ರಹಾಲಯ. ತಾಳಗುಪ್ಪವನ್ನೂ ತಾಳಗುಂದವನ್ನೂ ಬೆರೆಸಿಕೊಳ್ಳುವವರಿದ್ದಾರೆ. ಮೊದಲನೆಯದು ಸಾಗರ ತಾಲ್ಲೂಕಿನಲ್ಲಿ ರೈಲು ಕೊನೆಗೊಳ್ಳುವ ಊರು. ಎರಡನೆಯದು ರೈಲಿಲ್ಲದ, ಹೆಸರಿನಲ್ಲೇ ತಾಣವನ್ನು ಹೊತ್ತ ಊರು.

ಇಷ್ಟು ಹಳೆಯ ಬೇರಿನ ನಿಲ್ದಾಣವನ್ನು ನಮ್ಮ ಜನ ಬಹುಕಾಲ ಬೋರ್ಡಿನ ಶಬ್ದವಾಗಿಯೇ ಉಳಿಸಿದರು. ಬರೆಯುವಾಗ ಬಸ್ ನಿಲ್ದಾಣ, ಆಡುವಾಗ ಬಸ್ ಸ್ಟ್ಯಾಂಡು. ಅದು ಕಿವಿಯ ಶಬ್ದವಾದದ್ದು ನನ್ನ ತಿಳಿವಳಿಕೆಯಲ್ಲಿ ನಮ್ಮ ಮೆಟ್ರೋದಿಂದ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಆರು ನಿಲ್ದಾಣಗಳ ಮೊದಲ ದಾರಿ ತೆರೆಯಿತು. ಆ ರೈಲುಗಳ ಕನ್ನಡ ದನಿ ಅಪರ್ಣಾ ಅವರದು. 'ಮುಂದಿನ ನಿಲ್ದಾಣ' ಎಂದು ಅವರು ಹೇಳುವಾಗ ಲಕಾರಕ್ಕೂ ದಕಾರಕ್ಕೂ ನಡುವೆ ಒಂದು ಎಳೆಯಷ್ಟು ಬಿಡುವಿರುತ್ತದೆ. ಆದೇಶಸಂಧಿಯನ್ನು ಕಿವಿಯಿಂದ ಕೇಳಬಹುದಾದ ಬಿಡುವು ಅದು. ಬೇರೆ ಬೇರೆ ರಾಜ್ಯಗಳಿಂದ ಬಂದು ಐಟಿ ಕೆಲಸಕ್ಕೆ ಹೋಗುವವರು, ಕನ್ನಡದಲ್ಲಿ ಹತ್ತು ಮಾತು ಬಾರದವರು ಕೂಡ ಈ ಶಬ್ದವನ್ನು ದಿನಕ್ಕೆ ಹತ್ತಾರು ಬಾರಿ ಕೇಳುತ್ತಾರೆ. ಯಾವ ಚಳವಳಿಯಿಂದಲೂ ಆಗದಷ್ಟು ಕಿವಿಗಳಿಗೆ ಒಂದು ಕನ್ನಡ ಶಬ್ದವನ್ನು ಒಬ್ಬ ಹೆಣ್ಣುಮಗಳ ಸ್ಪಷ್ಟ ಉಚ್ಚಾರ ಮುಟ್ಟಿಸಿತು. ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡರು. ಆ ವಾರ ನಾನು ಮೆಜೆಸ್ಟಿಕ್‌ನಲ್ಲಿ ರೈಲು ಹತ್ತಿದಾಗ ಅವರ ದನಿ ಕೇಳಿ, ಇಳಿಯಬೇಕಾದಲ್ಲಿ ಇಳಿಯದೆ ಇನ್ನೆರಡು ನಿಲ್ದಾಣ ಮುಂದಕ್ಕೆ ಹೋಗಿದ್ದೆ.

ನಮ್ಮ ಮನೆಯ ಪುಟ್ಟ ಮಗು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆಯುತ್ತಿರುವುದು, ರಜೆಗೆ ಉಳವಿಗೆ ಬಂದಾಗ ಸಾಗರದಿಂದ ಹತ್ತಿದ ಬಸ್ಸು ಒಂದೊಂದು ಊರಿನಲ್ಲಿ ನಿಂತಾಗಲೂ 'ಮುಂದಿನ ನಿಲ್ದಾಣ' ಎಂದು ಕೂಗುತ್ತಿತ್ತು. ಬಸ್ಸಿನವರೆಲ್ಲ ನಕ್ಕರು. ಒಂದು ಕಾಲಕ್ಕೆ ಈ ತಾಲ್ಲೂಕುಗಳ ಕಲ್ಲುಗಳಲ್ಲಿ ಕೆತ್ತಿದ್ದ ಶಬ್ದ ಬೆಂಗಳೂರಿಗೆ ಹೋಗಿ ಮಗುವಿನ ಬಾಯಲ್ಲಿ ಊರಿಗೆ ತಿರುಗಿ ಬಂದಿತ್ತು.

ಅಷ್ಟರಲ್ಲಿ ತಾಣ ಸುಮ್ಮನೆ ಕೂತಿರಲಿಲ್ಲ. ಅಂತರಜಾಲ ಬಂದಾಗ ಕನ್ನಡ ಅದರ ಸೈಟುಗಳಿಗೆ ಹೆಸರಿಡಲು ಮತ್ತೆ ಇದನ್ನೇ ಕರೆಯಿತು, ಜಾಲತಾಣ. ವಿಮಾನ ಬಂದಾಗಲೂ ಹೊಸ ಶಬ್ದ ಬೇಕಾಗಲಿಲ್ಲ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ತೆರೆಯಿತು. ಅದೇ ದಿನ ಇನ್ನೊಂದು ಶಂಕುಸ್ಥಾಪನೆಯೂ ಆಯಿತು, ಶಿವಮೊಗ್ಗ, ಶಿಕಾರಿಪುರ, ರಾಣೆಬೆನ್ನೂರು ಹೊಸ ರೈಲು ದಾರಿಗೆ. ಶಂಕುಸ್ಥಾಪನೆಯ 'ಸ್ಥಾಪನೆ'ಯೂ ನಿಲ್ಲಿಸುವುದೇ, ಅದೇ ಸ್ಥಾ. ಬೆಂಗಳೂರಿನಲ್ಲಿ 2022ರ ಜೂನ್ 20ರಂದು ಉಪನಗರ ರೈಲಿಗೆ ಶಂಕುಸ್ಥಾಪನೆಯಾಗಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಅದರ ನಾಲ್ಕು ದಾರಿಗಳಿಗೆ ಚೆಂದದ ಹೆಸರಿಟ್ಟಿದ್ದಾರೆ. ಹೆಸರಿಡುವಲ್ಲಿ ತೋರಿದ ಈ ಅಕ್ಕರೆಯನ್ನು ಫಲಕ ಬರೆಸುವಲ್ಲೂ ತೋರಿದರೆ ಸಾಕು ಎಂದು ನನ್ನ ಆಸೆ.

ಶಿಕಾರಿಪುರ ಅಲ್ಲಮನ, ಅಕ್ಕನ ನೆಲ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ ಎಂಬ ತಿಳಿವನ್ನು ಆ ಕಾಲದ ಶರಣರು ಕನ್ನಡಕ್ಕೆ ಕೊಟ್ಟರು. ನಿಲ್ದಾಣ ಸ್ಥಾವರ, ರೈಲು ಜಂಗಮ. ಒಂದಿಲ್ಲದೆ ಇನ್ನೊಂದಕ್ಕೆ ಕೆಲಸವಿಲ್ಲ. ಆ ಹೊಸ ದಾರಿ ಮುಗಿದು ಶಿಕಾರಿಪುರದಲ್ಲಿ ಮೊದಲ ರೈಲು ನಿಂತ ದಿನ ನಮ್ಮ ಸೀಮೆಯಲ್ಲಿ ಟೇಸನ್ನು ಎಂಬ ಮಾತಿಗೆ ಎರಡನೆಯ ಅರ್ಥ ಹುಟ್ಟುತ್ತದೆ. ಅದನ್ನು ಟೇಸನ್ನು ಎಂದೇ ಕರೆಯುವ ಮುದುಕಿಯರನ್ನು ದಯವಿಟ್ಟು ಯಾರೂ ತಿದ್ದಬೇಡಿ. ಫಲಕ ಬರೆಸುವ ಅಧಿಕಾರಿಗಳಲ್ಲಿ, ಊರಿನ ಹಿರಿಯರಲ್ಲಿ ಇನ್ನೊಂದು ಬಿನ್ನಹವಿದೆ. ಅಲ್ಲಿ 'ರೈಲ್ವೆ ಸ್ಟೇಷನ್' ಎಂದು ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ, ನಿಲ್ದಾಣ ಎಂದು ಬರೆಸಿ. ಟಿಕೆಟು ಕೊಡುವ ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಕಲ್ಲುಹಲಗೆಯಷ್ಟು ಜಾಗ ಬಿಡಿ. ಇದೇ ತಾಲ್ಲೂಕಿನ ತಾಳಗುಂದಕ್ಕೆ ಸ್ಥಾನಕುಂದೂರು ಎಂಬ ಹೆಸರಿತ್ತೆಂದೂ ನಿಲ್ದಾಣದ 'ದಾಣ' ಆ ಹೆಸರಿನ 'ಸ್ಥಾನ'ವೇ ಎಂದೂ ಅದರಲ್ಲಿ ಎರಡು ಸಾಲು ಕೆತ್ತಿಸಿ.